ನಾಲ್ಕೂ ಸಿಲಿಂಡರ್ ಒಟ್ಟಿಗೆ ಮಂಕಾದರೆ

"ಎಂಜಿನ್ ಖತಂ ಭಾಯ್. ಬಿಟ್ಬಿಡಿ ಈ ಗಾಡೀನ."

ಚಳ್ಳಕೆರೆಯ ಗ್ಯಾರೇಜಿನಲ್ಲಿ ಮೊನ್ನೆ ಮೆಕ್ಯಾನಿಕ್ ರಫೀಕ್ ಭಾಯ್ ಹೀಗೆಂದಾಗ, ಪಕ್ಕದಲ್ಲಿದ್ದ ತಂಗಿ ರತ್ನಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ರತ್ನ ಪಶುವೈದ್ಯೆ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಈಗ ದೇವಸಮುದ್ರದ ಸುತ್ತಲಿನ ಹಟ್ಟಿಗಳಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಡಾಕ್ಟ್ರು. (ಹೌದು, ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ. ಈ ವಾರ ಸಹಿಸಿಕೊಳ್ಳಿ.) ಐಸ್ ಡಬ್ಬಿಯಲ್ಲಿ ಲಸಿಕೆ ಹೊತ್ತು ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಾಳೆ. ಬಸ್ಸು ತಡವಾಯಿತೋ, ಐಸು ನೀರಾಯಿತು, ಲಸಿಕೆ ಹಾಳಾಯಿತು. ಅವಳಿಗೆ ಕಾರು ಶೋಕಿಗಲ್ಲ. ಕೈಗೆಟುಕುವ ಬೆಲೆಗೆ ಸಿಕ್ಕಿದ್ದು ಇದೊಂದೇ, ಬಿ.ಜಿ. ಕೆರೆಯ ನನ್ನ ಗೆಳೆಯ ಬೋರಣ್ಣನ ಹಳೇ ಟರ್ಬೊ ಪೆಟ್ರೋಲ್ ಕಾರು. ಹೋದ ವಾರ ಓಡಿಸಿ ನೋಡಿ ಮೆಚ್ಚಿದ್ದಳು. ಚೆಕ್ ಮಾಡಿಸಿಕೊಳ್ಳಿ ಅಂತ ಬೋರಣ್ಣನೇ ಬೆಳಗ್ಗೆ ತಂದು ಬಿಟ್ಟು ಹೋಗಿದ್ದ.

ಕಂಪ್ರೆಷನ್ ಟೆಸ್ಟ್ ಅಂದರೆ ಎಂಜಿನ್ನಿನ ದಮ್ಮು ಅಳೆಯುವುದು. ಪ್ಲಗ್ ಬಿಚ್ಚಿ, ಆ ತೂತಿಗೆ ಮೀಟರ್ ಸಿಕ್ಕಿಸಿ ಎಂಜಿನ್ ತಿರುಗಿಸಿದರೆ, ಸಿಲಿಂಡರ್ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಅಂತ ಮುಳ್ಳು ತೋರಿಸುತ್ತದೆ. ಇಲ್ಲಿ ಮುಳ್ಳು ನೂರು ಮುಟ್ಟಲೂ ಒದ್ದಾಡಿತು. ನಾಲ್ಕೂ ಸಿಲಿಂಡರಿನದು ಅದೇ ಪಾಡು.

"ನನ್ನ ಕಾರಿಗೆ ಇನ್ನೂರರ ಹತ್ರ ಬಂದಿತ್ತಲ್ರೀ?" ಎಂದೆ.

"ನಿಮ್ದು ಸಾದಾ ಎಂಜಿನ್ ಭಾಯ್. ಟರ್ಬೊ ಹೊರಗಿಂದ ಗಾಳಿ ತುರುಕ್ತೈತೆ, ಅದಕ್ಕೇ ಇದ್ರಲ್ಲಿ ನಂಬರ್ ಸ್ವಲ್ಪ ಕಮ್ಮೀನೇ ಇರ್ತೈತೆ. ಆದ್ರೂ ನೂರೈವತ್ತಾದ್ರೂ ಬರ್ಬೇಕು."

ನನ್ನ ಪಿತ್ತ ನೆತ್ತಿಗೇರಿತು. ಬೋರ ನನಗೇ ಟೋಪಿ ಹಾಕಿದನೇ? ಫೋನ್ ತೆಗೆದೆ.

"ತಡಿಯಣ್ಣ," ಎಂದಳು ರತ್ನ. "ನಾಕೂ ಒಂದೇ ಸಮ ಕಮ್ಮಿ ಐತಲ್ಲ? ಹಿಂಡ್ನಾಗೆ ಒಂದು ಕುರಿ ಮಂಕಾದ್ರೆ ಆ ಕುರೀಗೆ ರೋಗ. ಎಲ್ಲಾವೂ ಒಟ್ಟಿಗೆ ಮಂಕಾದ್ರೆ ಮೊದ್ಲು ನೀರು, ಮೇವು ನೋಡ್ಬೇಕು. ರಫೀಕಣ್ಣ, ಇನ್ನೊಂದ್ಸಲ ತಿರುಗ್ಸಿ."

ತಿರುಗಿಸಿದರು. ಅವಳು ಕಿವಿಗೊಟ್ಟು ನಿಂತಳು.

"ಹೋದ್ವಾರ ಸೆಲ್ಫ್ ಹೊಡೆದ್ರೆ ಗಿರ್ರ್ ಅಂತಿತ್ತು. ಇವತ್ತು ಏದುಸಿರು ಬಿಡ್ತೈತೆ. ಬ್ಯಾಟ್ರಿ ನೋಡ್ರಿ."

ನೋಡಿದರೆ ಬ್ಯಾಟರಿ ಯಾವ ಕಾಲದ್ದೋ! ಎಂಜಿನ್ ಜೋರಾಗಿ ತಿರುಗದಿದ್ದರೆ ಗಾಳಿ ಒತ್ತುವುದಾದರೂ ಹೇಗೆ? ಬೋರಣ್ಣನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, "ಲೇ, ಬ್ಯಾಟ್ರಿ ಏನ್ ಮಾಡ್ದೆ?" ಅಂತ ಗದರಿದೆ.

"ನಮ್ಮಪ್ಪ ಬಿಡ್ಲಿಲ್ಲ ಕಣೋ," ಎಂದ, ಸಂಕೋಚದಲ್ಲಿ. "ದನ ಮಾರಿದ್ರೆ ಹಗ್ಗ ಕೊಡಲ್ಲ ನಾವು. ಕೊಟ್ರೆ ಮನೆ ಲಕ್ಷ್ಮಿ ಅದರ ಹಿಂದೇನೇ ಹೋಗ್ತಾಳಂತೆ. ಕಾರಿಗೆ ಹಗ್ಗ ಎಲ್ಲೈತೆ? ಬ್ಯಾಟ್ರಿ ಬಿಚ್ಚಿ ಇಟ್ಕಂಡವ್ನೆ. ಮೂಲೇಲಿದ್ದ ಹಳೇದು ಹಾಕಿ ತಂದೆ. ಹೇಳಿದ್ರೆ ನಗ್ತೀರಾ ಅಂತ ಸುಮ್ಕಾದೆ."

ನಾನು ನಕ್ಕೆ. ರತ್ನ ನಗಲಿಲ್ಲ. "ಅವರಪ್ಪ, ಆ ಅಜ್ಜ ಮಾಡಿದ್ದು ಸರೀಗೈತೆ. ಹೊಸ ಹಗ್ಗ ಕೊಂಡೋರೇ ತರ್ಬೇಕು. ಬ್ಯಾಟ್ರಿ ನಾನು ತರ್ತೀನಿ ಅಂತ ಹೇಳು," ಎಂದಳು.

ರಫೀಕ್ ಭಾಯ್ ಗ್ಯಾರೇಜಿನ ಒಳ್ಳೆಯ ಬ್ಯಾಟರಿ ಜೋಡಿಸಿ ಮತ್ತೆ ತಿರುಗಿಸಿದರು. ಮೊದಲ ಸಿಲಿಂಡರಿನಲ್ಲಿ ಮುಳ್ಳು ನೂರೈವತ್ತು ದಾಟಿತು. ಎರಡನೆಯದೂ ದಾಟಿತು. ಮೂರು, ನಾಲ್ಕು, ಎಲ್ಲವೂ! "ವಾಹ್ ಡಾಕ್ಟ್ರಮ್ಮ, ಎಂಜಿನ್ ಗಟ್ಟಿ ಐತೆ!" ಅಂತ ಅವರು ಕೂಗಿದ್ದಕ್ಕೆ ಅಕ್ಕಪಕ್ಕದ ಅಂಗಡಿಯವರೂ ಎದ್ದು ಬಂದರು. ಇವಳು ನನ್ನ ತಂಗಿ ಅಂತ ನಾನು ಎಲ್ಲರಿಗೂ ಹೇಳಿದೆ. ಕೇಳದವರಿಗೂ ಹೇಳಿದೆ.

ಸಂಜೆಗೆ ಹೊಸ ಬ್ಯಾಟರಿ ಕೂತಿತು. ರಫೀಕ್ ಭಾಯ್ ಕೈ ಒರೆಸಿಕೊಂಡು ಬಂದು, ಬಲು ಸಂತೋಷದಿಂದ ಕೀ ತಂದು ನನ್ನ ಕೈಗಿಟ್ಟರು. ರತ್ನ ಅದನ್ನು ನನ್ನ ಅಂಗೈಯಿಂದ ಎತ್ತಿಕೊಂಡು ಸ್ಟೀರಿಂಗ್ ಮುಂದೆ ಕೂತಳು. ನಾನು ಎದೆಯುಬ್ಬಿಸಿ ಪಕ್ಕದ ಸೀಟಿಗೆ ಹತ್ತಿದೆ.

ಗಾಡಿ ಅವಳದು, ದುಡ್ಡು ಅವಳದು, ರೋಗ ಪತ್ತೆ ಹಚ್ಚಿದವಳೂ ಅವಳೇ. ಕೀ ಮಾತ್ರ ನನ್ನ ಕೈಗೆ ಯಾಕ್ರೀ ಬಂತು?