ನಾನು ಕಟ್ಟದೆ ಬಿಟ್ಟ ಕೋಣೆ

ಮೊನ್ನೆ ನೆಂಟರ ಮನೆಯಲ್ಲಿ ಯಾರೋ ನಮ್ಮ ಅಪ್ಪನನ್ನು ನೆನೆದು, "ಎಂಥಾ ನ್ಯಾಯವಂತರು ಕಣ್ರೀ! ಅಣ್ಣನ ಜೊತೆ ಮನೆ ಹಿಸ್ಸೆ ಮಾಡ್ಕೊಂಡಾಗ ಯಾರಿಗೂ ಒಂದಿಂಚು ಮೋಸ ಆಗಲಿಲ್ಲವಂತೆ" ಎಂದರು. ನಾನು ಕಾಫಿ ಲೋಟ ಕೆಳಗಿಟ್ಟೆ. ಕಾಫಿ ಮೇಜಿನ ಮೇಲೆ ತುಳುಕಿತು. ವಯಸ್ಸಿಗೆ ಅಂದುಕೊಂಡರು, ಸಿಟ್ಟಿಗೆ ಅಂತ ಯಾರಿಗೂ ಹೊಳೆಯಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಫರ್ಗಿವ್‌ನೆಸ್ ಬಗ್ಗೆ ವಾರಕ್ಕೊಂದು ಪಾಠ ಮಾಡುತ್ತಿದ್ದರು. ಆ ಒಂದು ಸಬ್ಜೆಕ್ಟ್‌ನಲ್ಲಿ ನಾನು ಇವತ್ತಿಗೂ ಫೇಲ್.

ಆಗ ನನಗೆ ಹನ್ನೆರಡು. ಅರವತ್ತರ ದಶಕ ಶುರುವಾಗಿತ್ತಷ್ಟೇ. ಘಟ್ಟದ ಕಡೆಯ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿದ್ದೆ. ಬೇಸಿಗೆ ರಜಕ್ಕೆ ಬಸ್ಸಿನಲ್ಲಿ ಕಡೂರಿಗೆ ಇಳಿದು, ಅಲ್ಲಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ಬರಬೇಕು. ಆ ಸಲ ನನ್ನ ತೊಡೆಯ ಮೇಲೆ ಒಂದು ಮರದ ಬಾಕ್ಸ್ ಇತ್ತು. ಕಾಫಿ ಎಸ್ಟೇಟಿನ ದೊರೆಯೊಬ್ಬ ಸಂಸಾರ ಸಮೇತ ಇಂಗ್ಲೆಂಡಿಗೆ ಹೊರಟಾಗ ಅವನ ಮಗಳು ಕಾನ್ವೆಂಟಿಗೆ ಬಿಟ್ಟುಹೋದ ಆಟದ ಸಾಮಾನು ಅದು. ನೀಟ್‌ನೆಸ್‌ಗೆ ಅಂತ ನನಗೆ ಪ್ರೈಜ್ ಕೊಟ್ಟಿದ್ದರು. ಒಳಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಕೆಂಪು ರಬ್ಬರ್ ಇಟ್ಟಿಗೆಗಳು. ಒಂದರ ತಲೆಯ ಗುಬುಟು ಇನ್ನೊಂದರ ಹೊಟ್ಟೆಯ ತೂತಿಗೆ ಕೂರುತ್ತಿತ್ತು. ಬಿಳಿ ಕಿಟಕಿ, ಬಾಗಿಲು, ಮಾಡಿಗೆ ಹಸಿರು ರಟ್ಟು. ಜೊತೆಗಿದ್ದ ಪುಸ್ತಕದಲ್ಲಿ ಚಿಮಣಿ ಇರುವ ಕಾಟೇಜಿನ ಚಿತ್ರ. ಚಿಮಣಿ ಕಟ್ಟಿಕೊಂಡು ನಾನೇನು ಮಾಡಲಿ? ನಮ್ಮ ಮನೆಯನ್ನೇ ಕಟ್ಟುತ್ತೇನೆ ಎಂದು ರೈಲಿನಲ್ಲೇ ತೀರ್ಮಾನಿಸಿದ್ದೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ದನ ಕಟ್ಟುವ ತಗ್ಗು, ಮೆಟ್ಟಿಲೇರಿದರೆ ಪಡಸಾಲೆ, ನಡುಮನೆ, ಬಲಕ್ಕೆ ಅಡುಗೆಮನೆ, ಎಡಕ್ಕೆ ದೇವರಮನೆ. ನಡುಮನೆಯ ಹಿಂದಿನ ಗೋಡೆಗೆ ಅಂಟಿಕೊಂಡು, ಹಿತ್ತಲಿನ ಕಡೆಗೆ ಚಾಚಿದ ಒಂದು ಸಣ್ಣ ಕೋಣೆ. ಅದು ಅತ್ತೆಯದು. ಅತ್ತೆ ಎಂದರೆ ಅಪ್ಪ ಮತ್ತು ದೊಡ್ಡಪ್ಪ ಇಬ್ಬರಿಗೂ ಅಕ್ಕ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಸತ್ತು, ಸಿಂಗಟಗೆರೆಯಿಂದ ಒಂದು ಟ್ರಂಕು ಹಿಡಿದು ವಾಪಸು ಬಂದವಳು. ಅಂದಿನಿಂದ ಆ ಕೋಣೆಯಲ್ಲೇ ಇದ್ದಳು.

ನನ್ನ ಮನೆಗೆ ಮೇಸ್ತ್ರಿ ನಾನಾದರೂ ಅಳತೆಗಾರ್ತಿ ಅತ್ತೆಯೇ. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕಿಕೊಂಡು ಗೋಡೆಗುಂಟ ನಡೆಯುತ್ತಿದ್ದಳು. "ಪಡಸಾಲೆ ಹದಿನಾರು ಮೊಳ. ಬರ್ಕೊಳೇ, ಇಂಗ್ಲೀಷಮ್ಮ!" ಮೊಳಕ್ಕೊಂದು ಇಟ್ಟಿಗೆ, ಅದು ನಮ್ಮ ಸ್ಕೇಲ್. ಮೂರು ದಿನ ಪಡಸಾಲೆಯ ಮೂಲೆಯ ಮಣೆ ಮೇಲೆ ಕಟ್ಟಿದೆವು. ಮಾಳಿಗೆಯ ಬೆಳಕಿಂಡಿಗೂ ರಟ್ಟಿನಲ್ಲಿ ತೂತು ಕೊರೆದೆ. ಆದರೆ ದೇವರಮನೆಗೆ ಬರುವಷ್ಟರಲ್ಲಿ ಬಾಕ್ಸ್ ಬರಿದಾಯಿತು. ಅತ್ತೆಯ ಕೋಣೆಗೆ ಅಂತ ಆಗಲೇ ಎರಡು ಗೋಡೆ ಎಬ್ಬಿಸಿದ್ದೆ.

"ಅದನ್ನ ಕಿತ್ತು ದೇವರಮನೆಗೆ ಹಾಕು" ಅಂದಳು ಅತ್ತೆ.

"ಆಗ ನಿನ್ನ ರೂಮೇ ಇರಲ್ವಲ್ಲ?"

"ನಾನೇನು ರಬ್ಬರ್ ಕೋಣೇಲಿ ಮಲಗ್ತೀನೇನೇ? ಕೀಳು ಸುಮ್ನೆ. ದೇವರಿಗೆ ಜಾಗ ಇಲ್ದಿದ್ರೆ ನಿಮ್ಮಪ್ಪ ಮಣೆ ಸಮೇತ ಆಚೆಗೆ ಎಸೀತಾನೆ."

ಕಿತ್ತೆ. ಮನೆಯ ಹಿಂಭಾಗ ಸಪಾಟಾಯಿತು. ನೋಡಲು ನೀಟಾಗಿಯೂ ಇತ್ತು.

ಅದೇ ವಾರ ಹಿಸ್ಸೆಗೆ ಅಂತ ಮೂವರು ಹಿರಿಯರು ಬಂದರು. ಒಬ್ಬರು ಅಂತರಘಟ್ಟೆಯವರು, ಇನ್ನಿಬ್ಬರು ನಮ್ಮೂರಿನವರೇ. ಅಪ್ಪನಿಗೂ ದೊಡ್ಡಪ್ಪನಿಗೂ ಒಂದೇ ಬಾಗಿಲಿನಲ್ಲಿ ಹೋಗಿಬರುವುದು ಸಾಕಾಗಿತ್ತು. ಜಮೀನು ಅರ್ಧ ದಿನದಲ್ಲಿ ಮುಗಿಯಿತು. ಮನೆ ಮುಗಿಯಲಿಲ್ಲ. ಹಿರಿಯರು ಒಂದೊಂದೇ ಕೋಣೆಗೆ ಹೋಗಿ ನಿಲ್ಲುವುದು, ಅಲ್ಲಿ ಅಮ್ಮನೋ ದೊಡ್ಡಮ್ಮನೋ ಬಾಗಿಲಿಗೆ ಅಡ್ಡ ನಿಂತು, "ಈ ಒಲೆ ಹಾಕಿಸಿದ್ದು ನಾನು" ಅನ್ನುವುದು, ಜಗಳ. ಎರಡು ದಿನ ಹೀಗೇ ಹೋಯ್ತು. ಮೂರನೆಯ ದಿನ ಅಂತರಘಟ್ಟೆಯ ಹಿರಿಯರು ಎಲೆಅಡಿಕೆ ಉಗಿಯಲು ಎದ್ದವರು ನನ್ನ ಮಣೆಯ ಮುಂದೆ ನಿಂತುಬಿಟ್ಟರು.

"ಏನವ್ವ ಇದು? ಲೇ, ಇಲ್ಲಿ ನೋಡ್ರೋ! ಇದು ಇದೇ ಮನೆ ಅಲ್ವೇನ್ರೋ?"

ರಟ್ಟಿನ ಮಾಳಿಗೆ ಎತ್ತಿ ಒಳಗೆ ಇಣುಕಿದರು. ಮಣೆಯನ್ನು ಎತ್ತಿ ತಂದು ಎಲ್ಲರೂ ಕೂತಿದ್ದ ಕಂಬಳಿಯ ನಡುವೆ ಇಟ್ಟರು. ನಾನು ಉಬ್ಬಿಹೋದೆ. ಲಂಗ ಸರಿಮಾಡಿಕೊಂಡು, ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸಿನಲ್ಲಿ ನಿಲ್ಲುವ ಹಾಗೆ ನಿಂತು, ಒಂದೊಂದೇ ಕೋಣೆ ತೋರಿಸಿದೆ.

"ಅಳತೆ ಸರಿಯಾಗಿದೆಯೇನವ್ವ?"

"ಪರ್ಫೆಕ್ಟ್ ಆಗಿದೆ ತಾತ. ಮೊಳಕ್ಕೊಂದು ಇಟ್ಟಿಗೆ."

"ಎಲ್ಲಾ ಸೇರೈತಾ?"

"ಎಲ್ಲಾ ಸೇರಿದೆ."

ನಾನು ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಶಹಭಾಷ್‌ಗಿರಿ ತಲೆಗೇರಿ ಕೂತಿತ್ತು, ಅದರ ಮಧ್ಯೆ ಒಂದು "ಆದರೆ" ಸೇರಿಸಲು ಮನಸ್ಸಾಗಲಿಲ್ಲ. "ಪ್ಲಾನು ಅಂದ್ರೆ ಇದು! ಇವಳನ್ನ ಇಂಜಿನಿಯರ್ ಮಾಡಪ್ಪ" ಎಂದು ಹಿರಿಯರು ನಕ್ಕರು. ಅಪ್ಪ, ದೊಡ್ಡಪ್ಪ ಇಬ್ಬರೂ ನಕ್ಕರು. ಎಷ್ಟೋ ತಿಂಗಳಿಂದ ಅವರು ಒಟ್ಟಿಗೆ ನಕ್ಕಿರಲೇ ಇಲ್ಲ. ಜನಿವಾರದ ದಪ್ಪದ ಒಂದು ನೂಲೆಳೆ ತಂದು ಮಣೆಯ ಮೇಲೆ ಎಳೆದರು. ಮುಂಬಾಗಿಲಿನಿಂದ ನಡುಮನೆಯ ಮಧ್ಯದಲ್ಲಿ ಹಾದು ಹಿತ್ತಲ ಬೇಲಿಯವರೆಗೆ ನೇರ. ಬಲಕ್ಕೆ ದೊಡ್ಡಪ್ಪ, ಎಡಕ್ಕೆ ಅಪ್ಪ. ತರೀಕೆರೆಯಿಂದ ತಂದಿಟ್ಟಿದ್ದ ಛಾಪಾ ಕಾಗದದ ಮೇಲೆ ಶ್ಯಾನುಭೋಗರು ಹಾಗೇ ಬರೆದರು. ಅಡುಗೆಮನೆ ಬರೆದರು, ದೇವರಮನೆ ಬರೆದರು, ದನದ ಗೂಟಗಳನ್ನೂ ಬರೆದರು. ಅತ್ತೆಯ ಕೋಣೆಯನ್ನು ಯಾರೂ ಬರೆಸಲಿಲ್ಲ. ಎಲ್ಲರೂ ಹೆಬ್ಬೆಟ್ಟು, ರುಜು ಹಾಕಿ ಹೋಳಿಗೆ ಊಟ ಮಾಡಿದರು. ಬಡಿಸಿದವಳು ಅತ್ತೆ.

ಹದಿನೈದು ದಿನಕ್ಕೆ ಗಾರೆಯವರು ನಡುಗೋಡೆ ಎಬ್ಬಿಸಲು ಬಂದರು. ನೂಲು ಹಿಡಿದು ಹಿತ್ತಲಿಗೆ ಹೋದ ಮೇಸ್ತ್ರಿ ತಲೆ ಕೆರೆದುಕೊಂಡು ವಾಪಸು ಬಂದ. "ಯಜಮಾನ್ರೇ, ಗೋಡೆ ಕೋಣೆ ಮಧ್ಯಕ್ಕೇ ಬತ್ತದೆ. ಇದು ಯಾರ ಪಾಲು?"

ಅಪ್ಪ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಕಾಗದ ತರಿಸಿದ. ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು.

"ಇದರಲ್ಲಿ ಈ ಕೋಣೆನೇ ಇಲ್ಲ" ಅಂದ ದೊಡ್ಡಪ್ಪ.

"ಇಲ್ಲ" ಅಂದ ಅಪ್ಪ. "ಹಿರೀರು ಬರೆದದ್ದನ್ನ ಈಗ ತಿದ್ದಿದ್ರೆ ಮತ್ತೆ ಮೊದಲಿಂದ ಜಗಳ. ಕೆಡವಿಬಿಡಿ. ಅದರ ಕಲ್ಲು ಇದೇ ಗೋಡೆಗೆ ಆಗುತ್ತೆ."

ನಾನು ಓಡಿಹೋಗಿ ಕೂಗಿದೆ. "ಇಟ್ಟಿಗೆ ಮುಗಿದುಹೋಗಿತ್ತು ಅಪ್ಪ! ಅದಕ್ಕೇ ಕಟ್ಟಲಿಲ್ಲ! ಇಟ್ ವಾಸ್ ಮೈ ಮಿಸ್ಟೇಕ್!" ಇಂಗ್ಲಿಷಿನಲ್ಲಿ ಅಂದರೆ ಹೆಚ್ಚು ತೂಕ ಬರುತ್ತದೆ ಎಂದುಕೊಂಡಿದ್ದೆನೇನೋ.

"ನೀನು ಒಳಗೆ ಹೋಗು. ದೊಡ್ಡವರ ಮಾತಿಗೆ ಬರಬೇಡ."

ದೊಡ್ಡವರ ಮಾತಂತೆ! ಹನ್ನೆರಡು ವರ್ಷದವಳ ಗೊಂಬೆ ಮನೆ ಇಟ್ಟುಕೊಂಡು ನ್ಯಾಯ ಹೇಳಿದ ದೊಡ್ಡವರು!

ಸದ್ದು ಕೇಳಿ ಪಕ್ಕದ ಮನೆಯ ಮುದುಕಿ ಬೇಲಿ ಹತ್ತಿರ ಬಂದಳು. ಊರಿಗೆಲ್ಲ ಹೆರಿಗೆ ಮಾಡಿಸಿದ ಕೈ ಅವಳದು. "ಯಾಕ್ರೋ, ಬಾಣಂತಿ ಕೋಣೆ ಕೀಳ್ತೀರಾ? ನಿಮ್ಮಿಬ್ಬರನ್ನೂ ಇದೇ ಕೋಣೇಲಿ ಈ ಕೈಯಾಗೆ ಹಿಡ್ಕೊಂಡಿದ್ದು ಕಣ್ರೋ. ಆವತ್ತು ಕಾಗದ ತೋರಿಸಿ ಹುಟ್ಟಿದ್ರೇನ್ರೋ?"

ಕೂಲಿಯವರು ನಕ್ಕರು. ಅಪ್ಪನ ಕಿವಿ ಕೆಂಪಾಯಿತು. ಆದರೂ ಗುದ್ದಲಿ ನಿಲ್ಲಿಸು ಅನ್ನಲಿಲ್ಲ.

ನಾನು ಆ ಕೋಣೆಯೊಳಗೇ ಹೋಗಿ ಅತ್ತೆಯ ಟ್ರಂಕಿನ ಮೇಲೆ ಕೂತೆ, ಏಳಲ್ಲ ಅಂದೆ. ಅತ್ತೆ ಬಂದಳು. ಕೈಗೆ ಹತ್ತಿದ ಹಿಟ್ಟನ್ನೂ ತೊಳೆದಿರಲಿಲ್ಲ. "ಏಳೇ. ತಲೆ ಮೇಲೆ ಮಣ್ಣು ಬಿದ್ದೀತು" ಅಂದು ರಟ್ಟೆ ಹಿಡಿದು ಎಬ್ಬಿಸಿದಳು. ಟ್ರಂಕಿನ ಒಂದು ಬದಿ ಅವಳು, ಇನ್ನೊಂದು ಬದಿ ನಾನು.

ಆಮೇಲೆ ಅತ್ತೆಗೆ ಪಾಳಿ ಮಾಡಿದರು. ಒಂದು ತಿಂಗಳು ನಮ್ಮ ಪಡಸಾಲೆ, ಒಂದು ತಿಂಗಳು ದೊಡ್ಡಪ್ಪನ ಪಡಸಾಲೆ. ಅಮಾವಾಸ್ಯೆಯ ಮಾರನೇ ದಿನ ಟ್ರಂಕು ಗೋಡೆಯ ಈಚೆಯಿಂದ ಆಚೆಗೆ. ಬೀದಿಯ ಮೇಲಿಂದಲೇ ಸುತ್ತಿ ಹೋಗಬೇಕು, ನೋಡುವವರೆಲ್ಲ ನೋಡುತ್ತಿದ್ದರು. ಇಬ್ಬರ ಮನೆಯಲ್ಲೂ ಊಟಕ್ಕೆ ಕಡಿಮೆ ಮಾಡಲಿಲ್ಲ, ಅದನ್ನೇ ದೊಡ್ಡ ಧರ್ಮ ಎಂದುಕೊಂಡರು. ಬಾಗಿಲು ಹಾಕಿಕೊಂಡು ಸೀರೆ ಬದಲಿಸಲು ಅವಳಿಗೆ ಒಂದು ಜಾಗ ಇಲ್ಲವಲ್ಲ ಎಂದು ಆ ಎರಡು ಮನೆಯಲ್ಲಿ ಒಬ್ಬರಿಗೂ ಅನಿಸಲಿಲ್ಲ.

ಅತ್ತೆ ನನ್ನನ್ನು ಕೇಳಿದ್ದು ಒಂದೇ ಸಲ, ನಾನು ಕಾಲೇಜಿಗೆ ಹೊರಟ ವರ್ಷ. ಪಡಸಾಲೆಯಲ್ಲಿ ಎಳ್ಳು ಆರಿಸುತ್ತಾ, ತಲೆ ಎತ್ತದೆ ಕೇಳಿದಳು.

"ಆವತ್ತು ಹಿರೀರು ಎಲ್ಲಾ ಸೇರೈತಾ ಅಂದಾಗ ನೀನ್ಯಾಕೆ ಹೇಳಲಿಲ್ಲವೇ?"

"ಹೊಗಳ್ತಾ ಇದ್ರು ಅತ್ತೆ. ಅದಕ್ಕೆ."

"ಹೂಂ. ನಾನೂ ಬಾಗಿಲ ಹಿಂದೇನೇ ನಿಂತಿದ್ದೆ. ನಿನ್ನ ಹೊಗಳೋದು ಕೇಳಿ ಖುಷಿಯಾಗಿ ನಾನೂ ಸುಮ್ನಾಗ್ಬಿಟ್ಟೆ. ತಪ್ಪು ನಮ್ಮಿಬ್ಬರದೂ ಕಣೇ."

ಅಲ್ಲ ಅತ್ತೆ. ಅಂದು ಬಾಯಿ ಬರಲಿಲ್ಲ, ಈಗ ಹೇಳುತ್ತೇನೆ. ನಾನು ಹೇಳದಿದ್ದದ್ದು ನನ್ನ ತಪ್ಪು, ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ. ನಿನ್ನದು ಯಾವ ತಪ್ಪೂ ಇಲ್ಲ. ಆ ಕಂಬಳಿಯ ಮೇಲೆ ಕೂತಿದ್ದ ನಿನ್ನ ಇಬ್ಬರು ತಮ್ಮಂದಿರಿಗೆ ತಮ್ಮ ಮನೆಯಲ್ಲಿ ಎಷ್ಟು ಕೋಣೆ ಎಂದು ತಿಳಿಯಲು ನನ್ನ ರಬ್ಬರ್ ಇಟ್ಟಿಗೆ ಬೇಕಾಗಿರಲಿಲ್ಲ. ಮೊನ್ನೆ ಆ ನೆಂಟರ ಮನೆಯಲ್ಲಿ ಇದನ್ನೇ ಹೇಳಿದೆ, ಎಲ್ಲರೆದುರು, ಜೋರಾಗಿ. "ಸತ್ತವರ ಬಗ್ಗೆ ಹೀಗನ್ನಬಾರದು" ಎಂದರು.

"ಅತ್ತೇನೂ ಸತ್ತಿದ್ದಾಳೆ" ಅಂದೆ. "ದೊಡ್ಡಪ್ಪನ ಪಡಸಾಲೇಲಿ, ಅವನ ಪಾಳಿಯ ತಿಂಗಳಲ್ಲಿ."