ರಾಯಭಾರಿಗಳು ಸೇರಿಸದ ಮಾತು

ಕಳೆದ ವಾರ ಅರಸೀಕೆರೆಯ ಅಂಚೆ ಕಚೇರಿಯಲ್ಲಿ ಯಾರೋ ಪಾರ್ಸೆಲ್ಲಿಗೆ ಅರಗು ಕಾಯಿಸಿ ಮೊಹರು ಒತ್ತುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಎದುರುಮನೆಯ ರಾಯಭಾರಿಗಳು ನೆನಪಾದರು. ಮದುವೆ ಮನೆಗೆ ಕೊಡುವ ಮುಯ್ಯಿಯ ಲಕೋಟೆಗೂ ಅರಗಿನ ಮುದ್ರೆ ಹಾಕುತ್ತಿದ್ದವರು ಅವರು. ಮೂವತ್ತು ವರ್ಷದ ನೌಕರಿಯ ಚಾಳಿ...

ಕೊಬ್ಬರಿ ವ್ಯಾಪಾರದ ಮನೆತನದಲ್ಲಿ ಹುಟ್ಟಿ, ವಿದೇಶಾಂಗ ಸೇವೆಗೆ ಸೇರಿ, ಐದಾರು ದೇಶ ಸುತ್ತಿದವರು. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಬೀದಿಗೇ ಮರಳಿದ್ದರು. ಅವರ ಕೆಲಸ ಎಂಥದೆಂದು ಇಲ್ಲಿ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಮಂಡಿಯ ಯಜಮಾನರೊಬ್ಬರು ಕೇಳಿಯೇಬಿಟ್ಟರು: "ಅಲ್ಲಾ ಸ್ವಾಮಿ, ಅಷ್ಟು ವರ್ಷ ಅಲ್ಲಿ ಏನ್ ಮಾಡ್ತಿದ್ರಿ?"

"ಮಾತಾಡ್ತಿದ್ದೆ ಕಣ್ರೀ," ಎಂದು ನಕ್ಕಿದ್ದರು.

ಆಗ ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಒಂದು ದಿನ ರಾಯಭಾರಿಗಳು ನಮ್ಮ ಬಾಗಿಲಿಗೆ ಬಂದು, "ಟೀಚರಮ್ಮ, ಭಾನುವಾರ ನನ್ನ ಜೊತೆ ಬಿಕ್ಕೋಡಿಗೆ ಬರ್ತೀರಾ? ಒಬ್ಬ ತಾಯಿನ ನೋಡ್ಬೇಕು. ಒಬ್ಬನೇ ಹೋಗೋ ಧೈರ್ಯ ಇಲ್ಲ," ಎಂದರು.

ಜಾವಗಲ್ ದಾಟಿದ ಮೇಲೆ ಬಸ್ಸಿನಲ್ಲೇ ವಿಷಯ ತಿಳಿಯಿತು. ಅವರಿದ್ದ ದೇಶದಲ್ಲಿ ಯುದ್ಧ ಶುರುವಾದಾಗ ನಮ್ಮವರನ್ನು ಬಸ್ಸುಗಳಲ್ಲಿ ಗಡಿ ದಾಟಿಸುವ ಹೊಣೆ ಅವರದಾಗಿತ್ತು. ಕೊನೆಯ ಒಂದು ಸೀಟಿಗೆ ಇಬ್ಬರಿದ್ದರು. ಒಬ್ಬಳು ಕೂಸು ಎತ್ತಿಕೊಂಡ ತಾಯಿ, ಇನ್ನೊಬ್ಬಳು ಬಿಕ್ಕೋಡಿನ ನರ್ಸು. ಕೂಸಿನ ತಾಯಿಯನ್ನು ಹತ್ತಿಸಿ, ನರ್ಸಿಗೆ "ನಾಳೆ ಖಂಡಿತ" ಎಂದಿದ್ದರು. ಆ ರಾತ್ರಿಯೇ ರಸ್ತೆ ಮುಚ್ಚಿತು. ಮೂರನೆಯ ದಿನ ಅವಳಿದ್ದ ಆಸ್ಪತ್ರೆಯ ಮೇಲೆ ಬಾಂಬು ಬಿತ್ತು. ಹಳೇಬೀಡಿನ ಕೆರೆ ಕಿಟಕಿಯಲ್ಲಿ ಹಾದುಹೋಗುವಾಗ, "ಆ ನರ್ಸಿನ ತಾಯಿನೇ ನಾವೀಗ ನೋಡೋಕೆ ಹೋಗ್ತಿರೋದು," ಎಂದರು.

ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಆ ತಾಯಿ ನಮ್ಮನ್ನು ಕೂರಿಸಿ, ತಾವು ಹೊಸ್ತಿಲಲ್ಲೇ ಕೂತರು. ಮಂತ್ರಿಗಳ ಮುಂದೆ ಮಾತಾಡಿದ ಮನುಷ್ಯ ತಡವರಿಸಿ ಎಲ್ಲವನ್ನೂ ಹೇಳಿದರು. ತಾಯಿ ಕೇಳಿದ್ದು ಒಂದೇ:

"ಯಾವ ಮಾತಲ್ಲಿ ಮಾತಾಡುದ್ಲು, ನಿಮ್ತಾವ?"

"ಕನ್ನಡದಲ್ಲೇ ತಾಯಿ. 'ನೀವು ಅರಸೀಕೆರೆಯವ್ರಂತೆ ಸಾರ್, ನಮ್ಮೂರು ಬಿಕ್ಕೋಡು' ಅಂದ್ಲು. ನಾನು ನಾಳೆ ಅಂದಾಗ, 'ಆಯ್ತು ಬಿಡಿ, ಪಾಪ ಮಗು ಐತೆ, ಅವ್ರು ಹೋಗ್ಲಿ' ಅಂದ್ಲು."

ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. "ನಿಮ್ಮುನ್ನ ಮತ್ತೆ ಬನ್ನಿ ಅನ್ನಕ್ಕೆ ನನ್ ಕೈಲಾಗಕಿಲ್ಲ ಸ್ವಾಮಿ," ಎಂದರು. ನಾವು ಎದ್ದು ಬಂದೆವು.

ಆದರೆ ಎರಡು ತಿಂಗಳ ಮೇಲೆ ಆಕೆಯೇ ಬಸ್ಸು ಹತ್ತಿ ರಾಯಭಾರಿಗಳ ಮನೆ ಹುಡುಕಿಕೊಂಡು ಬಂದರು. "ಅವ್ಳು ಅಂದಿದ್ದು ಇನ್ನೊಂದ್ಸಲ ಹೇಳಿ." ಅವರು ಹೇಳಿದರು. ಆಮೇಲೆ ಆಕೆ ತಿಂಗಳಿಗೊಮ್ಮೆ ಬರತೊಡಗಿದರು. ನಾನು ಕಾಫಿ ಒಯ್ಯುತ್ತಿದ್ದೆ, ಅಲ್ಲೇ ನಿಂತು ಕೇಳುತ್ತಿದ್ದೆ. ಪ್ರತಿ ಸಲವೂ ಅದೇ ನಾಲ್ಕು ಮಾತು.

"ಅಮ್ಮನ್ನ ನೆನೆಸ್ಕೊಂಡ್ಲು ಅಂತ ಒಂದು ಮಾತು ಸೇರಿಸ್ಬಾರ್ದಾ ಸಾರ್?" ಎಂದು ನಾನೊಮ್ಮೆ ಕೇಳಿದ್ದುಂಟು.

"ಸರ್ವೀಸೆಲ್ಲಾ ಇಲ್ಲದ ಮಾತು ಸೇರಿಸೋದೇ ಆಯ್ತಮ್ಮ. ಇದಕ್ಕೆ ಬೇಡ," ಎಂದರು.

ಹೋದ ವರ್ಷ ರಾಯಭಾರಿಗಳು ನಿದ್ದೆಯಲ್ಲೇ ಹೋದರು. ಆ ತಾಯಿಗೆ ತಿಳಿಸಲು ನಮ್ಮಲ್ಲಿ ಯಾರ ಬಳಿಯೂ ನಂಬರಿರಲಿಲ್ಲ. ಎಂದಿನಂತೆ ಬಂದು, ಬೀಗ ನೋಡಿ, ನನ್ನ ಬಾಗಿಲು ತಟ್ಟಿದರು. ಸುದ್ದಿ ಕೇಳಿ ಜಗಲಿಯಲ್ಲಿ ಕುಸಿದು ಕೂತು ಅತ್ತರು. ಆಮೇಲೆ, "ನೀವೂ ಕೇಳಿದೀರಲ್ಲವ್ವಾ. ನೀವೇ ಹೇಳಿ," ಎಂದರು.

ಅಂದಿನಿಂದ ನಾನೇ ಹೇಳುತ್ತಿದ್ದೇನೆ. ಒಂದು ಮಾತೂ ಸೇರಿಸುವುದಿಲ್ಲ, ಬಿಡುವುದಿಲ್ಲ. ಆದರೆ "ಅವ್ರು ಹೋಗ್ಲಿ" ಎಂಬಲ್ಲಿಗೆ ಬಂದಾಗ ರಾಯಭಾರಿಗಳು ತುಸು ನಿಲ್ಲುತ್ತಿದ್ದರು, ಅವಳ ಮುಖ ಕಣ್ಣಿಗೆ ಕಟ್ಟಿದವರಂತೆ... ನಾನೂ ಅಲ್ಲಿ ನಿಲ್ಲುತ್ತೇನೆ. ನನಗೆ ಯಾವ ಮುಖವೂ ಕಾಣುವುದಿಲ್ಲ. ಆ ಹೊತ್ತಿನ ಅವಳ ಮುಖ ಕಂಡಿದ್ದವರು ಅವರೊಬ್ಬರೇ.