ಅತ್ತಿಗೆ ಹಾಡಬೇಕಿದ್ದ ಅರ್ಧ ಗಂಟೆ

ನಾಗರತ್ನ ಅತ್ತಿಗೆ ಆವತ್ತು ಮುಟ್ಟಾಗಿರಲಿಲ್ಲ. ಆಗಿದ್ದಾರೆ ಅಂತ ದೊಡ್ಡಮ್ಮನಿಗೆ ಹೇಳಿದವಳು ನಾನು. ಸುಳ್ಳು ಅಂತ ಗೊತ್ತಿದ್ದೇ ಹೇಳಿದೆ.

ಇಷ್ಟನ್ನು ಬರೆಯುವುದಕ್ಕೆ ಎಷ್ಟು ಸಲ ಕೂತೆನೋ. ಹಾಲು ಉಕ್ಕುತ್ತದೆ ಅಂತಲೋ, ನಲ್ಲಿಯಲ್ಲಿ ನೀರು ಬಂತು ಅಂತಲೋ ಎದ್ದುಹೋಗುತ್ತಿದ್ದೆ. ಕುಣಿಗಲ್ಲಿನ ಈ ಮನೆಯಲ್ಲಿ ಇವತ್ತು ನಾನೊಬ್ಬಳೇ. ಯಜಮಾನರು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ. ಏಳುವುದಕ್ಕೆ ನೆಪವಿಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೇಳು. ನಮ್ಮದು ಗುಬ್ಬಿ. ಪ್ರತಿ ಬೇಸಿಗೆಯಲ್ಲೂ ರಾಮನವಮಿಯ ಸಂಗೀತೋತ್ಸವಕ್ಕೆ ಅಂತ ನಾವೆಲ್ಲ ತುಮಕೂರಿನಲ್ಲಿದ್ದ ದೊಡ್ಡಮ್ಮನ ಮನೆಗೆ ಹೋಗಿ ಉಳಿಯುತ್ತಿದ್ದೆವು. ಬೀದಿಯ ತುದಿಯಲ್ಲಿ ತೆಂಗಿನ ಗರಿಯ ಚಪ್ಪರ, ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರು, ಜಮಖಾನದ ಮೇಲೆ ಬೀಸಣಿಗೆ ಹಿಡಿದು ಕೂತ ಹೆಂಗಸರು. ದೊಡ್ಡಪ್ಪ ಚಪ್ಪರದ ಉಸ್ತುವಾರಿಯಲ್ಲಿದ್ದರು. ಸಂಜೆ ದೊಡ್ಡ ವಿದ್ವಾಂಸರ ಕಚೇರಿಗೆ ಮುಂಚೆ ಬೀದಿಯ ಹೆಣ್ಣುಮಕ್ಕಳಿಗೆ ದೇವರನಾಮ ಹಾಡಲು ಅರ್ಧ ಗಂಟೆ ಬಿಡುತ್ತಿದ್ದರು. ಹಿಂದಿನ ಎರಡು ವರ್ಷ ನಮ್ಮ ಮನೆ ಪಾಲಿನ ಆ ಅರ್ಧ ಗಂಟೆ ನನ್ನದಾಗಿತ್ತು — ನನ್ನದೇ ಅಂತ ನಾನು ತಿಳಿದುಕೊಂಡುಬಿಟ್ಟಿದ್ದೆ.

ಆ ವರ್ಷ ಅಣ್ಣನಿಗೆ ಹೊಸದಾಗಿ ಮದುವೆಯಾಗಿತ್ತು. ಅತ್ತಿಗೆ ಸಿ.ಎಸ್. ಪುರದ ಕಡೆಯವರು. ಪಾಠ ಹೇಳಿಸಿಕೊಂಡವರಲ್ಲ, ರೇಡಿಯೋ ಕೇಳಿ ಕಲಿತವರು. ನಾವು ಹೋದ ಸಂಜೆ ಅವರು ಅಡುಗೆಮನೆಯಲ್ಲಿ ಮಾವಿನಕಾಯಿ ತುರಿಯುತ್ತ ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು. ಕಾಲು ತೊಳೆದು ಒಳಗೆ ಬಂದ ದೊಡ್ಡಪ್ಪ ಅಲ್ಲೇ ನಿಂತುಬಿಟ್ಟರು.

"ಯಾರಮ್ಮ ಅದು, ನಾಗರತ್ನನಾ? ನಾಡಿದ್ದು ಚಪ್ಪರದಲ್ಲಿ ನೀನೇ ಹಾಡ್ತೀಯ. ಪದ್ದಿ, ನೀನು ಮುಂದಿನ ವರ್ಷ ಹಾಡುವಿಯಂತೆ. ಹೋದ ಸಲ ನಿನ್ನ ಹಿಂದೆ ಓಡಿ ಓಡಿ ಮೃದಂಗದವನಿಗೆ ಉಬ್ಬಸ ಬಂದಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತಿಗೆ ಮಾತ್ರ ನಗಲಿಲ್ಲ. "ಅವಳೇ ಹಾಡ್ಲಿ ದೊಡ್ಡಪ್ಪ" ಅಂದರು. ಆದರೆ ಆ ಕಣ್ಣಿನಲ್ಲಿದ್ದ ಆಸೆ — ಅದನ್ನು ನಾನು ನೋಡಿದ್ದೆ. ಮದುವೆಯಾದಾಗಿನಿಂದ ಅವರು ಬಾಯಿಬಿಟ್ಟು ಏನನ್ನೂ ಬಯಸಿದವರಲ್ಲ.

ಹಾಡಬೇಕಾಗಿದ್ದ ದಿನದ ಬೆಳಗ್ಗೆ ದೊಡ್ಡಮ್ಮ ಮಡಿಯುಟ್ಟು ನೈವೇದ್ಯದ ಕೋಸಂಬರಿಗೆ ಬೇಳೆ ನೆನೆಹಾಕುತ್ತಿದ್ದರು. "ನಾಗರತ್ನನ್ನ ಕರಿಯೇ, ಸ್ವಲ್ಪ ಕೈಜೋಡಿಸಲಿ" ಅಂದರು. ನಾನು ಹಿತ್ತಲ ಬಾಗಿಲಿನವರೆಗೆ ಹೋದೆ. ಅತ್ತಿಗೆ ತಲೆಗೆ ನೀರು ಹಾಕಿಕೊಂಡು, ಒಗೆಯುವ ಕಲ್ಲಿನ ಹತ್ತಿರ ಸೀರೆ ಹಿಂಡುತ್ತ, ಸಂಜೆಯ ಹಾಡನ್ನು ಹೇಳಿಕೊಳ್ಳುತ್ತಿದ್ದರು. ಎಷ್ಟು ಚೆನ್ನಾಗಿತ್ತು — ನಾನು ಕರೆಯಲಿಲ್ಲ. ವಾಪಸು ಬಂದೆ.

"ಅವರು ಒಳಗೆ ಬರೋಹಾಗಿಲ್ಲ ದೊಡ್ಡಮ್ಮ. ಹೊರಗಾಗಿದ್ದಾರೆ."

ಮೊದಲೇ ಯೋಚಿಸಿದ್ದೆನಾ? ಇಲ್ಲ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ನಾಲಿಗೆ ತಡವರಿಸಲಿಲ್ಲವಲ್ಲ... ಗಂಡಸರು ವಿಚಾರಿಸಲಾರದ, ಹೆಂಗಸರು ಎರಡನೇ ಸಲ ಕೇಳದ ಸುಳ್ಳನ್ನೇ ಹುಡುಕಿ ಹೇಳಿತು.

ದೊಡ್ಡಮ್ಮ ಅಮ್ಮನಿಗೆ ಹೇಳಿದರು. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಳು. ಅವಳ ಬೆನ್ನ ಹಿಂದೆ ನಾನು.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ಬೆಳಗ್ಗೆಯಿಂದ ಎಲ್ಲೆಲ್ಲಿ ಮುಟ್ಟಿದೀಯೋ."

ಅತ್ತಿಗೆ ಒಗೆಯುವ ಕಲ್ಲಿನ ಕಡೆಯಿಂದ ತಿರುಗಿ ನೋಡಿದರು. "ಇಲ್ಲ ಅತ್ತೆ. ನಾನು ಆಗಿಲ್ಲ."

"ಹಾಡೋ ಚಪಲಕ್ಕೆ ದೇವರ ಮುಂದೆ ಮೈಲಿಗೆ ಮುಚ್ಚಿಡ್ತೀಯಾ?"

ಇಲ್ಲ ಅಂದಷ್ಟೂ ಚಪಲವೇ ಜಾಸ್ತಿ ಕಾಣುತ್ತಿತ್ತು. ನಾನು ಒಂದು ಮಾತು ಆಡಿದ್ದರೆ... ಅಮ್ಮನ ಸೆರಗಿನಷ್ಟು ದೂರದಲ್ಲಿದ್ದೆ. ಆಡಲಿಲ್ಲ. ಅತ್ತಿಗೆ ಹಿಂಡಿದ್ದ ಸೀರೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಹಿತ್ತಲ ಕೋಣೆಗೆ ಹೋಗಿ ಕೂತರು. ಮೂರು ದಿನ ಅಲ್ಲೇ. ಸೌದೆ ಒಟ್ಟುತ್ತಿದ್ದ ಕೋಣೆ. ಒಂದು ಚಾಪೆ, ಒಂದು ತಂಬಿಗೆ.

ಸಂಜೆ ನಾನು ಹಾಡಿದೆ. ರಾಮದೇವರ ಪಟದ ಮುಂದೆ, ಅತ್ತಿಗೆಗೆಂದು ತಂದಿದ್ದ ಮಲ್ಲಿಗೆ ಮುಡಿದುಕೊಂಡು. ಗಂಟಲು ಕಟ್ಟಲಿಲ್ಲ, ಶ್ರುತಿ ತಪ್ಪಲಿಲ್ಲ. ದೇವರು ಅಲ್ಲೇ ಶಿಕ್ಷೆ ಕೊಟ್ಟಿದ್ದರೆ ಚೆನ್ನಾಗಿತ್ತು. ಕೊಡಲಿಲ್ಲ. ಲೌಡ್‌ಸ್ಪೀಕರು ದೊಡ್ಡಮ್ಮನ ಹಿತ್ತಲಿಗೂ ಕೇಳಿಸುತ್ತದೆ ಅನ್ನುವುದು ಎರಡನೇ ದೇವರನಾಮ ಹಾಡುವಾಗ ನೆನಪಾಯಿತು. ಆದರೂ ಪೂರ್ತಿ ಹಾಡಿದೆ.

ಆಮೇಲೆ ಪಾನಕ, ಕೋಸಂಬರಿ ತೆಗೆದುಕೊಂಡು ಹೋಗಿ ಹೊಸ್ತಿಲ ಆಚೆ ಇಟ್ಟೆ.

"ಇವತ್ತು ನೀನು ಓಡಲಿಲ್ಲ ಕಣೇ, ಚೆನ್ನಾಗಿತ್ತು" ಅಂದರು. ಪಾನಕದ ಲೋಟ ಎತ್ತಿಕೊಂಡು ಕೇಳಿದರು — "ಪದ್ದಿ, ಹಾಗಂತ ಹೇಳಿದ್ದು ಯಾರು?"

"ಯಾರೂ ಇಲ್ಲ ಅತ್ತಿಗೆ. ನೀವು ಬೆಳಗ್ಗೆ ತಲೆಗೆ ನೀರು ಹಾಕ್ಕೊಂಡಿದ್ದು ನೋಡಿ ದೊಡ್ಡಮ್ಮನೇ ಅಂದ್ಕೊಂಡ್ರಂತೆ."

ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ನೀಚವಾದದ್ದು, ಯಾಕೆಂದರೆ ಇದನ್ನು ಅವರ ಮುಖ ನೋಡಿಕೊಂಡು ಹೇಳಿದೆ. ಪಾಪ, ದೊಡ್ಡಮ್ಮ ಆ ತಪ್ಪನ್ನು ತಮಗೇ ಗೊತ್ತಿಲ್ಲದೆ ಹೊತ್ತುಕೊಂಡು ಹೋದರು.

ಒಂದು ಸಂಜೆಯ ಹಾಡು ತಪ್ಪಿತು, ಅಷ್ಟೇ ತಾನೆ — ಹೀಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಆಮೇಲೆ ಪ್ರತಿ ಹಬ್ಬದಲ್ಲೂ ಅತ್ತಿಗೆ ದೇವರ ಕೋಣೆಗೆ ಕಾಲಿಡುವ ಮುಂಚೆ ಅಮ್ಮ ಎಲ್ಲರ ಎದುರಿಗೆ ಕೇಳುತ್ತಿದ್ದಳು: "ಸರಿಯಾಗಿದೀಯಾ? ನಿಜ ಹೇಳು." ಅಣ್ಣ, ನೆಂಟರು, ಪುರೋಹಿತರು, ಯಾರಿದ್ದರೂ ಸರಿ. ಅತ್ತಿಗೆ ತಲೆ ತಗ್ಗಿಸಿ "ಹೂಂ ಅತ್ತೆ" ಅನ್ನುತ್ತಿದ್ದರು. ಇಬ್ಬರು ಮಕ್ಕಳ ತಾಯಿಯಾದ ಮೇಲೂ ಇದು ತಪ್ಪಲಿಲ್ಲ. ಹಾಡು ಅನ್ನುವುದಂತೂ ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ನಾನು ಮದುವೆಯಾಗಿ ಕುಣಿಗಲ್ಲಿಗೆ ಬಂದೆ. ಸಂಜೆ ದೀಪ ಹಚ್ಚಿ, ದೇವರು ಕೊಟ್ಟದ್ದನ್ನು ಒಂದೊಂದಾಗಿ ನೆನೆಸಿಕೊಳ್ಳುವುದು ನನ್ನ ಅಭ್ಯಾಸ. ಯಜಮಾನರು ಒಳ್ಳೆಯವರು. ಚಿಕ್ಕವನ ಜ್ವರ ಇಳಿಯಿತು. ಬಾವಿ ಬತ್ತಲಿಲ್ಲ. ಈ ಬೇಸಿಗೆಯಲ್ಲೂ ಮಲ್ಲಿಗೆ ಬಳ್ಳಿ ಒಣಗಲಿಲ್ಲ. ಹೀಗೆ ನೆನೆಸಿಕೊಳ್ಳುತ್ತ ಹೋದರೆ ಎಲ್ಲೋ ಒಂದು ಕಡೆ ಆ ಹಿತ್ತಲ ಕೋಣೆ ಬಂದು ನಿಲ್ಲುತ್ತದೆ, ಮುಂದಕ್ಕೆ ಹೋಗಲು ಬಿಡುವುದಿಲ್ಲ. ಯಜಮಾನರು ಪಕ್ಕದಲ್ಲೇ ಕೂತಿರುತ್ತಾರೆ. ಅವರಿಗೂ ಹೇಳಿದವಳಲ್ಲ. ಮನೆ ತುಂಬ ಜನ ಇದ್ದರೂ ಆ ಹೊತ್ತಿಗೆ ನನಗೆ ಯಾರೂ ಇಲ್ಲ.

ಅಮ್ಮ ಹೋದ ವರ್ಷ ತೀರಿಕೊಂಡಳು. ಮೊನ್ನೆ ವರ್ಷಾಬ್ದಿಕಕ್ಕೆ ಗುಬ್ಬಿಗೆ ಹೋಗಿದ್ದೆ. ಊಟ ಮುಗಿದು ಎಲ್ಲರೂ ಉರುಳಿಕೊಂಡಿದ್ದರು. ಅಡುಗೆಮನೆಯಲ್ಲಿ ಅತ್ತಿಗೆ ಒಬ್ಬರೇ ಉಳಿದ ಸಾರನ್ನು ಚಿಕ್ಕ ಪಾತ್ರೆಗೆ ಬಗ್ಗಿಸುತ್ತಿದ್ದರು. ಅವರ ಹಿಂದೆ ನಿಂತು, ಮೊದಲಿಂದ ಕೊನೆಯವರೆಗೆ ಹೇಳಿದೆ. ಎರಡೂ ಸುಳ್ಳು. ಅವರು ತಿರುಗಲಿಲ್ಲ. ಪಾತ್ರೆಗೆ ತಟ್ಟೆ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತರು.

"ಇದನ್ನ ಅತ್ತೆ ಇದ್ದಾಗ ಹೇಳ್ಬೇಕಿತ್ತು ಕಣೇ, ಪದ್ದಿ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಕ್ಷಮಿಸಿ ಅನ್ನುವ ಮಾತು ನನ್ನ ಬಾಯವರೆಗೂ ಬಂದಿತ್ತು. ಕೇಳಿದರೆ ಕ್ಷಮಿಸುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ ಹಾಗಾಗುತ್ತದೆ. ಕೇಳಲಿಲ್ಲ.

ಅಮ್ಮನ ಬಾಯಿಂದ ಆ ಕತೆ ಕೇಳಿ, ಗುಬ್ಬಿಯ ಸೊಸೆ ಮೈಲಿಗೆ ಮುಚ್ಚಿಟ್ಟವಳು ಅಂತ ನಂಬಿರುವ ನೆಂಟರು ಬಹಳ ಜನ ಇದ್ದಾರೆ. ಅವರು ಓದಲಿ ಅಂತಲೇ ಇದನ್ನು ಬರೆದಿದ್ದೇನೆ. ಅತ್ತಿಗೆ ಆವತ್ತು ನಿಜ ಹೇಳಿದ್ದರು. ಅದನ್ನು ಅಮ್ಮನಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ — ಅಷ್ಟು ವರ್ಷ ಹಬ್ಬಹಬ್ಬಕ್ಕೂ ಅವಳ ಪಕ್ಕದ ಎಲೆಗೇ ಕೂತು ಉಂಡು ಎದ್ದೆ.